ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡಿದ್ದೀರಾ? ಕ್ಲೇಮ್ ಏಜೆಂಟ್ ಕೊಟ್ಟ ಕಾಗದಕ್ಕೆ ಸಹಿ ಹಾಕಬೇಡಿ

ರಸ್ತೆ ಅಪಘಾತದಲ್ಲಿ ಮನೆಯವರು ತೀರಿಕೊಂಡರೆ, ಶವಾಗಾರದ ಹತ್ತಿರವೇ ಯಾರೋ ಒಬ್ಬ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಪೋಸ್ಟ್‌ಮಾರ್ಟಂ ಬೇಗ ಮಾಡಿಸುತ್ತೇನೆ, ಗಾಡಿ ಗೊತ್ತು ಮಾಡುತ್ತೇನೆ, ಸ್ಟೇಷನ್ನಿನಲ್ಲಿ ನಾನೇ ಮಾತಾಡುತ್ತೇನೆ ಎನ್ನುತ್ತಾನೆ. ಮನೆಯವರಿಗೆ ತಲೆ ಓಡದ ಹೊತ್ತು ಅದು. ಯಾರಾದರೂ ಮುಂದೆ ನಿಂತು ಮಾಡಿದರೆ ಸಾಕು ಅನ್ನಿಸುತ್ತದೆ. ಅವನು ಕ್ಲೇಮ್ ಏಜೆಂಟ್, ಅಂದರೆ ಅಪಘಾತ ಪರಿಹಾರದ ಕೇಸುಗಳನ್ನು ಹಿಡಿದು ವಕೀಲರಿಗೆ ಕೊಡಿಸುವ ದಲ್ಲಾಳಿ. ಅವನ ಬ್ಯಾಗಿನಲ್ಲಿ ವಕೀಲರನ್ನು ನೇಮಿಸುವ ವಕಾಲತ್ತು ಫಾರಂ, ಖಾಲಿ ಹಾಳೆ, ಬ್ಯಾಂಕ್ ಖಾತೆ ತೆರೆಯುವ ಅರ್ಜಿ ಎಲ್ಲಾ ಸಿದ್ಧವಾಗಿರುತ್ತವೆ. ನಮ್ಮ ಅಕ್ಕನಿಗೆ ಆದದ್ದು ಇನ್ನೊಂದು ಮನೆಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಭಾವನ ಬೈಕಿಗೆ ಲಾರಿ ಹಿಂದಿನಿಂದ ಗುದ್ದಿತು. ಅವರಿಗೆ 34 ವರ್ಷ. ಟೈಲ್ಸ್ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದರು. ಅಕ್ಕ, ಇಬ್ಬರು ಮಕ್ಕಳು, ಭಾವನ ತಾಯಿ ಎಲ್ಲರೂ ಅವರ ದುಡಿಮೆಯನ್ನೇ ನಂಬಿದ್ದರು. ತಿಥಿ ಮುಗಿಯುವ ಮೊದಲೇ ಏಜೆಂಟ್ ಮನೆಗೆ ಬಂದ. "ಅಕ್ಕಾ, ನೀವು ಒಂದು ರೂಪಾಯಿನೂ ಕೊಡೋದು ಬೇಡ. ಖರ್ಚೆಲ್ಲಾ ನಮ್ದೇ. ದುಡ್ಡು ಬಂದ ಮೇಲೆ ನೋಡ್ಕೊಳ್ಳೋಣ" ಎಂದ. ಎಷ್ಟೋ ಕಾಗದಗಳಿಗೆ ಅಕ್ಕನ ಸಹಿ ಹಾಕಿಸಿಕೊಂಡ. ಅವಳ ಹೆಸರಿನಲ್ಲಿ ಹೊಸ ಖಾತೆ ತೆರೆಸಿದ. ಚೆಕ್ ಬುಕ್ಕಿನ ಹಾಳೆಗಳಿಗೂ ಸಹಿ ಮಾಡಿಸಿ ತಾನೇ ಇಟ್ಟುಕೊಂಡ. ಕೇಸು ನಡೆಸಿದ ವಕೀಲರ ಮುಖವನ್ನು ಅಕ್ಕ ನೋಡಿದ್ದು, ರಾಜಿ ಮಾಡಿಸಿ ಕೇಸು ಮುಗಿಸುವ ಲೋಕ ಅದಾಲತ್ತಿನ ದಿನ.

ಅವತ್ತು 18 ಲಕ್ಷಕ್ಕೆ ರಾಜಿಯಾಯಿತು. "ಇಷ್ಟು ಸಿಗೋದೇ ದೊಡ್ಡದು, ಇಲ್ಲಾಂದ್ರೆ ವರ್ಷಗಟ್ಟಲೆ ಅಲೆಯಬೇಕು" ಎಂದು ಹೆದರಿಸಿ ಒಪ್ಪಿಸಿದರು. ದುಡ್ಡು ಖಾತೆಗೆ ಬಂದ ಕೂಡಲೇ ಆ ಚೆಕ್ಕುಗಳನ್ನು ಹಾಕಿ 5 ಲಕ್ಷ 40 ಸಾವಿರ ತೆಗೆದುಕೊಂಡರು. ನೂರಕ್ಕೆ ಮೂವತ್ತು! ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದು ಆದೇಶದಲ್ಲೇ ಇತ್ತು. ಅದನ್ನು ಮಾತ್ರ ಮುಟ್ಟಲಾಗಲಿಲ್ಲ.

ಕೇಸಿನ ಕಡತ ತರಿಸಿ ಓದಿದಾಗ ನನಗೆ ಇನ್ನೂ ಜಾಸ್ತಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಭಾವನ ತಿಂಗಳ ಆದಾಯ 15 ಸಾವಿರ ಅಂತ ಲೆಕ್ಕ ಹಾಕಿದ್ದರು. ಅವರು ದುಡಿಯುತ್ತಿದ್ದದ್ದು 24 ಸಾವಿರ. ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು, ಕೆಲಸ ಕೊಟ್ಟವರ ಬಿಲ್ಲುಗಳಿದ್ದವು. ಯಾರೂ ಕೇಳಲೂ ಇಲ್ಲ, ಹಾಜರುಪಡಿಸಲೂ ಇಲ್ಲ.

ಪರಿಹಾರ ಎಂದರೆ ಯಾರೋ ದಯೆಯಿಂದ ಕೊಡುವ ದುಡ್ಡಲ್ಲ. ಅದಕ್ಕೆ ಲೆಕ್ಕವಿದೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಪ್ರಣಯ್ ಸೇಥಿ ತೀರ್ಪು ಆ ಲೆಕ್ಕವನ್ನು ಬಿಡಿಸಿ ಹೇಳಿವೆ. ಸ್ವಂತ ಕೆಲಸ ಮಾಡುತ್ತಿದ್ದವರು 40 ವರ್ಷದೊಳಗಿದ್ದರೆ, ಮುಂದೆ ಹೆಚ್ಚಬಹುದಾಗಿದ್ದ ದುಡಿಮೆಗಾಗಿ ಆದಾಯಕ್ಕೆ ಶೇ 40 ಸೇರಿಸಬೇಕು. ಕಾಯಂ ನೌಕರಿಯಾಗಿದ್ದರೆ ಶೇ 50. ಅದರಲ್ಲಿ ಅವರ ಸ್ವಂತ ಖರ್ಚನ್ನು ಕಳೆಯುತ್ತಾರೆ. ನಂಬಿಕೊಂಡವರು ನಾಲ್ಕರಿಂದ ಆರು ಜನ ಇದ್ದರೆ ಕಾಲು ಭಾಗ, ಎರಡು ಮೂರು ಜನ ಇದ್ದರೆ ಮೂರನೇ ಒಂದು ಭಾಗ. ಉಳಿದದ್ದನ್ನು ವರ್ಷಕ್ಕೆ ತಂದು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 31ರಿಂದ 35 ವರ್ಷದವರಿಗೆ ಆ ಗುಣಕ 16.

ಭಾವನ ಲೆಕ್ಕ ಹಾಕಿ ನೋಡಿ. 24 ಸಾವಿರಕ್ಕೆ ಶೇ 40 ಸೇರಿಸಿದರೆ 33,600. ಕಾಲು ಭಾಗ ಕಳೆದರೆ 25,200. ವರ್ಷಕ್ಕೆ 3,02,400. ಹದಿನಾರರಿಂದ ಗುಣಿಸಿದರೆ 48,38,400. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಹೆಂಡತಿ, ಮಕ್ಕಳು, ತಂದೆ ತಾಯಿ ಕಳೆದುಕೊಂಡ ಆಸರೆಗೆ ಪ್ರತ್ಯೇಕ ಮೊತ್ತ, ಬಡ್ಡಿ. ಆದಾಯದ ದಾಖಲೆಯನ್ನು, ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿ ಪೂರ್ತಿ ಒಪ್ಪದೇ ಇರಬಹುದು, ನಿಜ. ಆದರೆ ದಾಖಲೆಯನ್ನೇ ಕೊಡದೆ 18 ಲಕ್ಷಕ್ಕೆ ಕೇಸು ಮುಗಿಸುವುದು ಅನ್ಯಾಯ ಅಲ್ವಾ?

ತೀರಿಹೋದವರು ಗೃಹಿಣಿಯಾಗಿದ್ದರೆ "ಆದಾಯವೇ ಇಲ್ಲವಲ್ಲ" ಎನ್ನುವವರೂ ಇದ್ದಾರೆ. ಒಪ್ಪಬೇಡಿ. ಅವರು ಮನೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ.

ಲೋಕ ಅದಾಲತ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೊತ್ತ ಸರಿಯಿದ್ದರೆ ಬೇಗ ಮುಗಿಯುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ನ್ಯಾಯಮಂಡಳಿ ವಿಚಾರಣೆ ನಡೆಸಿ ತೀರ್ಪು ಕೊಟ್ಟಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದಿತ್ತು. ಅಕ್ಕನಿಗೆ ಆ ದಾರಿ ಮುಚ್ಚಿಹೋಯಿತು. ಆದ್ದರಿಂದ ರಾಜಿಗೆ ತಲೆಯಾಡಿಸುವ ಮೊದಲು ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ವಕೀಲರ ಮುಂದೆ ಇಡಿ. ಯಾವ ಅಂಕಿ ಯಾಕೆ ಕಡಿಮೆಯಾಯಿತು ಎಂದು ಕೇಳಿ.

ಬಂದ ದುಡ್ಡಿನಲ್ಲಿ ಇಷ್ಟು ಪಾಲು ಕೊಡಬೇಕು ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವ ಹಾಗೇ ಇಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಅದನ್ನು ನಿಷೇಧಿಸಿದೆ. "ಎಲ್ಲಾ ಕಡೆ ಹೀಗೇ ನಡೆಯೋದು" ಎಂದು ಏಜೆಂಟ್ ಹೇಳುತ್ತಾನೆ. ನಡೆಯುತ್ತಿದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಫೀಸು ಎಷ್ಟು ಎಂದು ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಫೀಸು ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಇದೊಂದು ಗೊತ್ತಿದ್ದಿದ್ದರೆ ಅಕ್ಕನ ಮನೆಗೆ ಆ ಏಜೆಂಟ್ ಬೇಕೇ ಆಗುತ್ತಿರಲಿಲ್ಲ.

ಅವಸರ ಮಾಡಬೇಕಾದ ಕೆಲಸ ಒಂದೇ, ಎಫ್‌ಐಆರ್. ಅದರಲ್ಲಿ ಏನು ಬರೆದಿದ್ದಾರೆ ಎಂದು ಓದಿಸಿ ಕೇಳಿ. ಗುದ್ದಿದ ವಾಹನದ ನಂಬರ್ ಸರಿಯಾಗಿದೆಯೇ, ತಾನಾಗಿಯೇ ಬಿದ್ದು ಸತ್ತರು ಎಂದು ಬರೆದಿಲ್ಲ ತಾನೇ ಎಂದು ನೋಡಿ. ದೂರು ತಡವಾದರೆ, ವಾಹನವನ್ನು ಆಮೇಲೆ ಸೇರಿಸಿದ್ದಾರೆ ಎಂದು ವಿಮಾ ಕಂಪನಿ ವಾದಿಸುತ್ತದೆ. ಲಾರಿ ಮಾಲೀಕರ ಕಡೆಯವರು ನಮ್ಮಲ್ಲಿಗೂ ಬಂದಿದ್ದರು. ಒಂದಿಷ್ಟು ನಗದು ಕೊಡುತ್ತೇವೆ, ಸ್ಟ್ಯಾಂಪ್ ಪೇಪರಿನ ಮೇಲೆ ಬರೆದುಕೊಡಿ ಎಂದರು. ಮುಂದೆ ಯಾವ ಕ್ಲೇಮೂ ಹಾಕುವುದಿಲ್ಲ ಎಂಬ ಸಾಲು ಅದರಲ್ಲಿತ್ತು. ಭಾವನ ತಾಯಿ ಆ ಕಾಗದವನ್ನು ಅಲ್ಲೇ ವಾಪಸ್ ಕೊಟ್ಟರು. ವಾಹನಕ್ಕೆ ವಿಮೆ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ಡ್ರೈವರ್ ಮೇಲಿನ ಕ್ರಿಮಿನಲ್ ಕೇಸು ಬೇರೆ, ಪರಿಹಾರದ ಕೇಸು ಬೇರೆ. ಒಂದು ಮುಗಿಯಲಿ ಎಂದು ಇನ್ನೊಂದಕ್ಕೆ ಕಾಯಬೇಕಿಲ್ಲ.

ಮಿಕ್ಕದ್ದಕ್ಕೆ ಸಮಯವಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಅಪಘಾತವಾದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಅದನ್ನು ನಂಬಿ ಸುಮ್ನೆ ಕೂರಬೇಡಿ. ಏಜೆಂಟ್ ಇದೇ ಮಿತಿಯನ್ನು ತೋರಿಸಿ "ಇವತ್ತೇ ಸಹಿ ಹಾಕಿ" ಎನ್ನುತ್ತಾನೆ. ಆರು ತಿಂಗಳೆಂದರೆ ಅಳಲಿಕ್ಕೂ, ನಾಲ್ಕು ಜನರನ್ನು ಕೇಳಿ ಒಳ್ಳೆಯ ವಕೀಲರನ್ನು ಹುಡುಕಲಿಕ್ಕೂ ಸಾಕು. ಅಪಘಾತ ದೂರದಲ್ಲೆಲ್ಲೋ ಆಗಿದ್ದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಕೇಸು ಹಾಕಬಹುದು. ಅಷ್ಟರಲ್ಲಿ ಎಫ್‌ಐಆರ್, ಮಹಜರು, ಪೋಸ್ಟ್‌ಮಾರ್ಟಂ ವರದಿ, ಚಾರ್ಜ್‌ಶೀಟ್, ಆದಾಯದ ಪ್ರತಿಯೊಂದು ಚೂರು ಕಾಗದವನ್ನೂ ಕೂಡಿಹಾಕಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.

ಗುದ್ದಿದ ವಾಹನ ಸಿಗದೇ ಹೋದರೂ 2 ಲಕ್ಷ ರೂಪಾಯಿ ಪರಿಹಾರವಿದೆ. ಅದಕ್ಕೆ ಕಂದಾಯ ಇಲಾಖೆಯ ತಾಲೂಕು ಅಥವಾ ಉಪವಿಭಾಗದ ಅಧಿಕಾರಿಗೆ ಅರ್ಜಿ ಕೊಡಬೇಕು. ತೀರಿಹೋದವರು ತಮ್ಮದೇ ಗಾಡಿ ಓಡಿಸುತ್ತಿದ್ದರೆ, ಅದರ ವಿಮೆಯಲ್ಲಿ ಮಾಲೀಕ ಚಾಲಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ತಪ್ಪದೇ ನೋಡಿ. ಎಷ್ಟೋ ಮನೆಯವರು ಇದನ್ನು ಕೇಳುವುದೇ ಇಲ್ಲ. ಕೆಲಸದ ಮೇಲಿದ್ದಾಗ ಸಾವಾದರೆ ನೌಕರರಿಗೆ ಪರಿಹಾರ ಕೊಡಿಸುವ ಕಾನೂನಿನ ದಾರಿಯೂ ಇದೆ. ಆದರೆ ನಾನು ಮೇಲೆ ಹೇಳಿದ ಮೋಟಾರು ವಾಹನ ಕಾಯ್ದೆಯ ಕೇಸು, ಈ ದಾರಿ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಈಗಾಗಲೇ ಏಜೆಂಟ್ ಕಡೆಯ ಕಾಗದಗಳಿಗೆ ಸಹಿ ಹಾಕಿದ್ದರೂ ದಾರಿಯಿದೆ. ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಹಳೆಯ ವಕೀಲರು ಒಪ್ಪಿಗೆ ಕೊಡದಿದ್ದರೆ ನ್ಯಾಯಮಂಡಳಿಯ ಅನುಮತಿ ಕೇಳಿ. ಸಹಿ ಮಾಡಿದ ಖಾಲಿ ಚೆಕ್ ಅವರ ಹತ್ತಿರ ಇದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ, ಆ ಚೆಕ್ ನಂಬರುಗಳಿಗೆ ಹಣ ಕೊಡಬಾರದೆಂದು ಬರೆದುಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಖಾತೆಗೆ ಜೋಡಿಸಿರುವ ಫೋನ್ ನಂಬರ್ ನಿಮ್ಮದೇನಾ ಎಂದೂ ನೋಡಿ. ಅಕ್ಕನ ಖಾತೆಯಲ್ಲಿ ಇದ್ದದ್ದು ಏಜೆಂಟನ ನಂಬರ್. ಅದಕ್ಕೇ ದುಡ್ಡು ಬಂದದ್ದೂ ಹೋದದ್ದೂ ಅವಳಿಗೆ ತಿಳಿಯಲಿಲ್ಲ. ವಕೀಲರ ಮೇಲೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅಕ್ಕ ಕೊಟ್ಟಿದ್ದಾಳೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ಚೆಕ್ಕುಗಳ ಪ್ರತಿಗಳನ್ನು ದೂರಿನ ಜೊತೆ ಲಗತ್ತಿಸಿದ್ದೇವೆ.