ಕುದಿತ್ತ ಮೆಟ್ಟು ಮತ್ತೆ ಶುರುವಾಯಿತು: 14 ತಿಂಗಳ ಫಿಸಿಯೋಥೆರಪಿ

ನನಗೀಗ 39. ಬೆಳಗಾವಿಯ ಟಿಳಕವಾಡಿಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಎರಡನೇ ಹೆರಿಗೆ ಆದ ಮೇಲೆ ಕುದಿತ್ತ ಮೆಟ್ಟು ಎಂಬ ಜಿಗಿತದ ಅಡವು (ನೃತ್ಯದ ಹೆಜ್ಜೆ) ತೋರಿಸುವಾಗ ಮೂತ್ರ ಸೋರುತ್ತಿತ್ತು. ಜಿಗಿದು ಹಿಮ್ಮಡಿ ಊರಿದಾಗಲೆಲ್ಲ. ಕ್ಲಾಸಿಗೆ ಮುಂಚೆ ಚಹಾ ಬಿಟ್ಟೆ, ಪ್ಯಾಡ್ ಇಟ್ಟುಕೊಂಡೆ, ಜಿಗಿಯುವುದನ್ನೆಲ್ಲ ದೊಡ್ಡ ಹುಡುಗಿಯರಿಂದ ಮಾಡಿಸಿದೆ. ಹೀಗೇ ಮೂರು ವರ್ಷ ದಾಟಿಸಿದೆ. ಅತ್ತೆಗೆ ಹೇಳಿದರೆ, "ಎರಡ ಹಡದ ಮ್ಯಾಲೆ ಇದೆಲ್ಲಾ ಇರೂದ ಬಿಡವಾ" ಅಂದರು.

ಯೂಟ್ಯೂಬ್ ನೋಡಿ ಕೆಗೆಲ್ ವ್ಯಾಯಾಮವನ್ನೂ ಮಾಡಿದ್ದೆ, ಅಂದರೆ ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುವನ್ನು ಬಿಗಿಹಿಡಿದು ಬಿಡುವುದು. ಸೋರುವುದು ಜಾಸ್ತಿಯೇ ಆಯಿತು. ಕೊನೆಗೆ ಎಡ ಮೊಣಕಾಲು ನೋವಿಗೆಂದು ಈ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮೂತ್ರದ ವಿಷಯ ನಾನು ಬಾಯಿ ಬಿಡಲೇ ಇಲ್ಲ. "ಎಷ್ಟು ಹೆರಿಗೆ? ಜಿಗಿದಾಗ ಸೋರುತ್ತದೆಯಾ?" ಅಂತ ಅವರೇ ಕೇಳಿದರು. ಅಳು ಬಂತು ನನಗೆ.

ಕೈಗವಸು ಹಾಕಿ ಬೆರಳಿನಿಂದ ಒಳಗಿನ ಆ ಸ್ನಾಯುವಿನ ಪರೀಕ್ಷೆ ಮಾಡುತ್ತಾರೆ. ಒಪ್ಪಿಗೆ ಕೇಳಿಯೇ ಮಾಡುತ್ತಾರೆ. ಮೊದಲ ಸಲ ನಾನು ಬೇಡ ಎಂದೆ, ಬೇಸರ ಮಾಡಿಕೊಳ್ಳಲಿಲ್ಲ. ಎರಡನೇ ಸಲ ಒಪ್ಪಿದೆ. ಆಗ ಗೊತ್ತಾಗಿದ್ದು, ನನ್ನ ಸ್ನಾಯು ದಿನವಿಡೀ ಬಿಗಿಯಾಗಿಯೇ ಇತ್ತು! ಮುಷ್ಟಿ ಬಿಚ್ಚದೆ ಇನ್ನೊಮ್ಮೆ ಮುಷ್ಟಿ ಹಿಡಿಯಲು ಆಗುತ್ತದೆಯೇ? ಹಾಗಾಗಿ ಮೊದಲ ಆರು ವಾರ ಬರೀ ಸಡಿಲ ಬಿಡುವುದನ್ನೇ ಕಲಿತೆ. ಉಸಿರು ಎಳೆದಾಗ ಈ ಸ್ನಾಯು ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ನಾನೋ, ಪಾದ ಹೊರಕ್ಕೆ ತಿರುಗಿಸಿ ಮೊಣಕಾಲು ಮಡಿಸಿ ಅರ್ಧ ಕೂರುವ ಅರಮಂಡಿಯಲ್ಲಿ ಕೂತರೆ ಹೊಟ್ಟೆ ಒಳಗೆಳೆದು ಉಸಿರು ಕಟ್ಟುತ್ತಿದ್ದೆ. ಒತ್ತಡವೆಲ್ಲ ಕೆಳಕ್ಕೆ. ಅವರೆದುರು ಕುಣಿದು ತೋರಿಸಿದಾಗ ಇದನ್ನು ಹಿಡಿದರು. ಕುಣಿಸಿ ನೋಡಿದ ಡಾಕ್ಟ್ರು ಇವರೊಬ್ಬರೇ.

ಮೊಣಕಾಲಿನ ಕಥೆಯೂ ಅರಮಂಡಿಯದ್ದೇ. ಸೊಂಟದ ಕೀಲು ತಿರುಗುವುದಕ್ಕಿಂತ ಜಾಸ್ತಿ ಪಾದ ತಿರುಗಿಸಿದರೆ ತಿರುಚು ಮೊಣಕಾಲಿಗೆ ಬೀಳುತ್ತದೆ. ಪಾದ ಸ್ವಲ್ಪ ಒಳಗೆ ತಂದೆ. ನಮ್ಮ ಗುರುಗಳು ನೋಡಿದರೆ ಬೈಯುತ್ತಾರೆ, ಇರಲಿ.

ಮೂರು ದಿನ ಎಷ್ಟು ನೀರು ಕುಡಿದೆ, ಎಷ್ಟು ಸಲ ಮೂತ್ರಕ್ಕೆ ಹೋದೆ ಎಂದು ಬರೆಸಿದರು. ಸುಮ್ನೆ ಇರಲಿ ಅಂತ ಗಂಟೆಗೊಮ್ಮೆ ಹೋಗುವ ಚಟ ಅಲ್ಲಿ ಸಿಕ್ಕಿಬಿತ್ತು. ಆಮೇಲೆ ಬಿಗಿಹಿಡಿಯುವ ವ್ಯಾಯಾಮ: ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಎಂಟು. ಮೂರು ತಿಂಗಳಾದರೂ ಮಾಡದೆ ಫಲ ಕೇಳಬೇಡಿ ಎಂದಿದ್ದರು. ನನಗೆ ಐದನೇ ತಿಂಗಳಲ್ಲಿ ಗೊತ್ತಾಯಿತು. ಈಗ ಪ್ಯಾಡ್ ಇಲ್ಲದೆ ಕ್ಲಾಸ್ ಮಾಡುತ್ತೇನೆ. ನೆಗಡಿ ಬಂದಾಗ ಮಾತ್ರ ಸೀನುವ ಮುಂಚೆ ಬಿಗಿಹಿಡಿಯಬೇಕು, ಮರೆತರೆ ಅಷ್ಟೇ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಮಂಚಗಳ ನಡುವೆ ಬರೀ ಪರದೆ ಇರುವುದಕ್ಕಾಗಿ. ಇಂಥ ಮಾತು ಆಡುವ ಜಾಗದಲ್ಲಿ ಗೋಡೆ ಬೇಡವಾ? ಪಕ್ಕದ ಮಂಚದಲ್ಲಿ ಹೆಗಲು ನೋವಿನ ಕಾಕಾ ಮಲಗಿರುತ್ತಾರೆ, ಅವರ ಕೆಮ್ಮು ನನಗೆ ಕೇಳುತ್ತದೆ ಎಂದರೆ ನನ್ನ ಮಾತು ಅವರಿಗೆ ಕೇಳದೆ ಇರುತ್ತದೆಯೇ? ವ್ಯಾಯಾಮದ ವಿಡಿಯೋಗಳೂ ಇಂಗ್ಲಿಷಿನಲ್ಲೇ ಇವೆ. ಒಂದು ಭೇಟಿಗೆ 700 ರೂಪಾಯಿ. ಶನಿವಾರ ಬೇಡ, ವಿಪರೀತ ಕಾಯಿಸುತ್ತಾರೆ. ವಾರದ ನಡುವೆ ಬೆಳಿಗ್ಗೆ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಪಕ್ಕದ ಮಂಚ ಖಾಲಿ ಇರುತ್ತದೆ. ಬರುವ ಬುಧವಾರಕ್ಕೆ ಅತ್ತೆಗೂ ಅದನ್ನೇ ತೆಗೆದುಕೊಂಡಿದ್ದೇನೆ.