ಟ್ಯಾಪೆಟ್ ಸದ್ದು ನಿಲ್ಲಿಸಲು ಹೋಗಿ ವಾಲ್ವ್ ಸುಟ್ಟುಕೊಳ್ಳಬೇಡಿ

"ಎಂಜಿನ್ ಹೆಡ್ ಹತ್ರ ಟಕ ಟಕ ಅಂತಿದೆ, ಸ್ವಲ್ಪ ಟೈಟ್ ಮಾಡ್ಬಿಡಿ" ಎಂದು ಬೈಕ್ ಬಿಟ್ಟು ಟೀ ಕುಡಿಯಲು ಹೋಗುವವರು ಇದನ್ನು ಓದಿ. ಟ್ಯಾಪೆಟ್ ಅಂದರೆ, ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳನ್ನು ಒತ್ತುವ ರಾಕರ್ ಎಂಬ ಸನ್ನೆಯ ತುದಿಯ ಸ್ಕ್ರೂ; ಅದಕ್ಕೂ ವಾಲ್ವಿಗೂ ನಡುವೆ ಕೂದಲೆಳೆಯ ಗ್ಯಾಪ್ ಇರಬೇಕು.

ಹಾಗೆ ಟೈಟ್ ಮಾಡಿಸಿಕೊಂಡ ಒಂದು 100 ಸಿಸಿ ಬೈಕಿನ ಗತಿ ಇದು. ಬಿಸಿ ಎಂಜಿನ್ನಿನ ಮುಚ್ಚಳ ಬಿಚ್ಚಿ, ರಾಕರ್ ಆಟವನ್ನು ಬೆರಳಲ್ಲೇ ನೋಡಿ, ಸ್ಟಾರ್ಟ್ ಮಾಡಿ ಸದ್ದು ಕೇಳಿ, ಮತ್ತೆ ತಿರುಗಿಸಿ ಕೊಟ್ಟಿದ್ದರು. ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಡಬ್ಬಿಯಿಂದ ಹೊರಗೇ ಬರಲಿಲ್ಲ. ಮೊದಮೊದಲು ಎಂಜಿನ್ ಬೆಣ್ಣೆ. ಆಮೇಲೆ ಬಿಸಿಯಾದರೆ ಆಕ್ಸಿಲರೇಟರ್ ಬಿಟ್ಟೊಡನೆ ಎಂಜಿನ್ ಆಫ್ ಆಗತೊಡಗಿತು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವ ಬೈಕು, ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ನಿಲ್ಲಿಸಿ ಕಿಕ್ಕರ್ ಒತ್ತಿದರೆ ಕಾಲಿಗೆ ಬಿಗಿಯೇ ಸಿಗಲಿಲ್ಲ. ಕಾರ್ಬುರೇಟರ್ ಎರಡು ಸಲ ತೊಳೆದರು, ಪ್ಲಗ್ ಬದಲಿಸಿದರು. ಎಲ್ಲ ದಂಡ.

ಹೆಡ್ ಬಿಚ್ಚಿ, ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟಿಗೆ ಪೆಟ್ರೋಲ್ ಸುರಿದರೆ, ವಾಲ್ವಿನ ಅಂಚಿನಿಂದ ಕಂಬಶನ್ ಚೇಂಬರಿಗೆ ಹನಿ ಇಳಿಯಿತು. ವಾಲ್ವ್ ಹೊರತೆಗೆದಾಗ ಕಂಡದ್ದು: ಸೀಟಿಗೆ (ವಾಲ್ವ್ ಒತ್ತಿ ಮುಚ್ಚುವ ಉಂಗುರಕ್ಕೆ) ಕೂರುವ 45 ಡಿಗ್ರಿ ಮುಖದಲ್ಲಿ ಉಗುರ ತುದಿಯಷ್ಟು ಜಾಗ ಕರಗಿ, ಬೆಳ್ಳಗೆ ಕೊರೆದುಹೋಗಿತ್ತು.

ಕಾರಣ ಸರಳ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖದ ಬಹುಪಾಲನ್ನು ಮುಚ್ಚಿಕೊಂಡಿರುವ ಹೊತ್ತಿನಲ್ಲಿ ಸೀಟಿಗೆ ದಾಟಿಸಿ ತಣ್ಣಗಾಗುತ್ತದೆ. ಗ್ಯಾಪ್ ಇಲ್ಲದಿದ್ದರೆ ರಾಕರ್ ಅದನ್ನು ಪೂರ್ತಿ ಕೂರಲು ಬಿಡುವುದಿಲ್ಲ. ಕೂದಲೆಳೆಯ ಸಂದಿಯಲ್ಲಿ ಉರಿಯುವ ಗ್ಯಾಸ್ ನುಗ್ಗಿದಲ್ಲೇ ಲೋಹ ಸುಡುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ತಲೆಕೆಳಗಾಗಿ ಕಾಣುತ್ತದೆ: ವಾಲ್ವ್ ಮುಖ, ಸೀಟು ಸವೆದಂತೆ ವಾಲ್ವ್ ಮೇಲೆ ಸರಿದು ಗ್ಯಾಪ್ ತಾನಾಗಿ ಕಮ್ಮಿಯಾಗಬಹುದು. ಸದ್ದಿಲ್ಲದ ಎಂಜಿನ್ನನ್ನೇ ಮೊದಲು ಅಳೆದು ನೋಡಬೇಕು. ಸಣ್ಣ ಟಿಕ್ ಟಿಕ್ ಇದ್ದರೆ ಇರಲಿ ಬಿಡಿ.

ಅಳೆಯುವುದು ರಾತ್ರಿಯಿಡೀ ನಿಂತ ತಣ್ಣನೆ ಎಂಜಿನ್ನಿನಲ್ಲಿ. ಪ್ಲಗ್ ಬಿಚ್ಚಿ, ಮ್ಯಾಗ್ನೆಟ್ಟಿನ (ಎಂಜಿನ್ ಬದಿಯ ತಿರುಗುವ ಚಕ್ರದ) ಟಿ ಗುರುತನ್ನು ಕೇಸಿಂಗ್ ಗುರುತಿಗೆ ತನ್ನಿ. ಎಫ್ ಗುರುತು ಇಗ್ನಿಷನ್ನಿನದು, ಅದಕ್ಕೆ ಮೋಸ ಹೋಗಬೇಡಿ. ಎರಡೂ ರಾಕರ್ ಆಡಬೇಕು. ಆಡದಿದ್ದರೆ ಅದು ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್ ಅಲ್ಲ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಗ್ಯಾಪ್ ಮಾಡಲ್‌ಗೆ ತಕ್ಕಂತೆ ಬದಲಾಗುತ್ತದೆ, ಮ್ಯಾನುಯಲ್ ನೋಡಲೇಬೇಕು. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 0.05ರಿಂದ 0.10 ಮಿಮೀ ಆಸುಪಾಸು. ಬ್ಲೇಡ್ ಸ್ವಲ್ಪ ಹಿಡಿದೆಳೆದಂತೆ ಜಾರಬೇಕು. ಸ್ಕ್ರೂ ಥ್ರೆಡ್ ಒಂದು ಸುತ್ತಿಗೆ 0.5 ಮಿಮೀ ಸರಿಯುವಂಥದ್ದಾದರೆ ಹತ್ತರಲ್ಲೊಂದು ಸುತ್ತಿಗೇ 0.05 ಮಿಮೀ ಹೋಗುತ್ತದೆ, ಅಂದರೆ ಕಣ್ಣಂದಾಜಿಗೆ ಇಲ್ಲಿ ಜಾಗವೇ ಇಲ್ಲ. ಲಾಕ್‌ನಟ್ ಬಿಗಿಯುವಾಗ ಸ್ಕ್ರೂವನ್ನು ಟ್ಯಾಪೆಟ್ ಕೀಲಿ ಬಿಡದೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ನಟ್ ಜೊತೆ ಅದೂ ತಿರುಗಿ ಗ್ಯಾಪ್ ಕಮ್ಮಿಯಾಗುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ಬ್ಲೇಡ್ ಹಾಕಿ.

ಗ್ಯಾಪ್ ಸರಿಯಿದ್ದೂ ಸದ್ದು ಹೋಗದಿದ್ದರೆ ಸ್ಕ್ರೂ ಮುಟ್ಟಬೇಡಿ. ಕ್ಯಾಮ್ ಚೈನ್ ಸಡಿಲವೋ, ರಾಕರ್ ಪಿನ್ ಸವೆದಿದೆಯೋ ನೋಡಿ. ಸ್ಕ್ರೂ ತುದಿಯಲ್ಲಿ ಗುಳಿ ಬಿದ್ದಿದ್ದರೆ ಬ್ಲೇಡ್ ಗುಳಿಯ ಮೇಲೆ ಸೇತುವೆಯಂತೆ ನಿಂತು, ನಿಜವಾದ ಗ್ಯಾಪಿಗಿಂತ ಕಮ್ಮಿ ತೋರಿಸುತ್ತದೆ.

ವಾಲ್ವ್ ಸುಟ್ಟಿದ್ದರೆ ಗ್ರೈಂಡಿಂಗ್ ಪೇಸ್ಟ್ ಉಜ್ಜಿ ಮುಗಿಸಲು ಬಿಡಬೇಡಿ. ಹೊಸ ವಾಲ್ವ್, ಸೀಟ್ ಕಟಿಂಗ್, ಹೊಸ ಸ್ಟೆಮ್ ಸೀಲ್, ಹೊಸ ಹೆಡ್ ಗ್ಯಾಸ್ಕೆಟ್ ಇಷ್ಟೂ ಬೇಕು. ಹಳೇ ವಾಲ್ವನ್ನು ಕೈಗೆ ಕೊಡಲು ಹೇಳಿ. ಹೊಸದು ಸೀಟಿನಲ್ಲಿ ಕೂತಂತೆ ಗ್ಯಾಪ್ ಮತ್ತೆ ಇಳಿಯುತ್ತದೆ, 500 ಕಿಮೀ ಓಡಿಸಿ ತಣ್ಣಗಿರುವಾಗ ಇನ್ನೊಮ್ಮೆ ಅಳೆಸಿ.