ಇಎಸ್‌ಜಿ ಫೈಲ್ ಮಾಡಿಕೊಡುತ್ತೇನೆ ಅಂದವನನ್ನು ನಂಬಿ ಕೆಟ್ಟೆ

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ (ಲೋಹಕ್ಕೆ ಲೇಪನ ಹಾಕುವ) ಘಟಕ. ಮೂವತ್ತು ಜನ ಕೆಲಸಕ್ಕಿದ್ದಾರೆ. ಕಳೆದ ವರ್ಷ ನಮ್ಮ ದೊಡ್ಡ ಗಿರಾಕಿ ಕಂಪನಿ ಒಂದು ಪ್ರಶ್ನಾವಳಿ ಕಳಿಸಿತು. ಪರಿಸರ, ಕಾರ್ಮಿಕರು, ಆಡಳಿತ (ಇದನ್ನೇ ಇಎಸ್‌ಜಿ ಅನ್ನುತ್ತಾರೆ), ಎಲ್ಲಾ ಸೇರಿ ಎಂಬತ್ತು ಪ್ರಶ್ನೆ. ಕೊನೆಯಲ್ಲಿ ಸಹಿ ಹಾಕೋಕೆ ಒಂದು ಮುಚ್ಚಳಿಕೆ.

ಅದೇ ವಾರ ಒಬ್ಬ ಕನ್ಸಲ್ಟೆಂಟ್ ಬಂದ. ಇವನಿಗೆ ವಿಷಯ ಹೇಗೆ ತಿಳಿಯಿತೋ ಇವತ್ತಿಗೂ ಗೊತ್ತಿಲ್ಲ. "ಸರ್, ಸೆಬಿ ರೂಲ್ ಬಂದಿದೆ. ಬಿಆರ್‌ಎಸ್‌ಆರ್ ಸರ್ಟಿಫಿಕೇಟ್ ಇಲ್ದಿದ್ರೆ ಫ್ಯಾಕ್ಟರಿಗೆ ಬೀಗ" ಅಂದ. ಸೆಬಿ ಅಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ, ಬಿಆರ್‌ಎಸ್‌ಆರ್ ಅಂದರೆ ಇಎಸ್‌ಜಿ ಬಗ್ಗೆ ಕಂಪನಿಗಳು ಕೊಡುವ ವರದಿ. ಹೆದರಿ 1.2 ಲಕ್ಷ ಕೊಟ್ಟೆ. ಹತ್ತೇ ದಿನಕ್ಕೆ ದಪ್ಪ ಫೈಲ್ ಬಂತು. ಓದದೆ ಫೈಲಿಗೂ ಮುಚ್ಚಳಿಕೆಗೂ ಸಹಿ ಹಾಕಿದೆ. ನನ್ನದೇ ತಪ್ಪು, ಒಪ್ಪುತ್ತೇನೆ.

ಮೂರು ತಿಂಗಳಿಗೆ ಗಿರಾಕಿ ಕಡೆಯಿಂದ ಆಡಿಟ್‌ಗೆ ಒಬ್ಬ ಮೇಡಂ ಬಂದರು. ಫೈಲ್ ತಿರುವುತ್ತಾ, "ನಿಮ್ಮ ಬಾಯ್ಲರ್ ತೋರಿಸಿ, ಭತ್ತದ ಹೊಟ್ಟು ಉರಿಸ್ತೀರಂತೆ" ಅಂದರು. ನಮ್ಮಲ್ಲಿ ಬಾಯ್ಲರೇ ಇಲ್ಲ! ಯಾವುದೋ ರೈಸ್ ಮಿಲ್ಲಿನ ಪರಿಸರ ನೀತಿಗೆ ಆ ಕನ್ಸಲ್ಟೆಂಟ್ ನಮ್ಮ ಹೆಸರು ಅಂಟಿಸಿದ್ದ. ಲೈಂಗಿಕ ಕಿರುಕುಳ ತಡೆ ಸಮಿತಿಗೆ ನನ್ನ ಹೆಂಡತಿಯನ್ನೇ ಅಧ್ಯಕ್ಷೆ ಮಾಡಿದ್ದ. ಅವಳು ನಮ್ಮ ನೌಕರಳೇ ಅಲ್ಲ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಸಮಿತಿ ಇರಲೇಬೇಕು, ಅಲ್ಲೇ ಕೆಲಸ ಮಾಡುವ ಹಿರಿಯ ಮಹಿಳೆ ಅಧ್ಯಕ್ಷೆಯಾಗಬೇಕು, ಹೊರಗಿನ ಸದಸ್ಯರೊಬ್ಬರೂ ಬೇಕು.

ಆಮೇಲೆ ಮೇಡಂ ಶೆಡ್ ಹಿಂದೆ ಹೋದರು. ಇಟಿಪಿ (ಕೊಳೆ ನೀರು ಶುದ್ಧಮಾಡುವ ಘಟಕ) ಸ್ಲಡ್ಜ್, ಅಂದರೆ ಕೆಸರು, ತುಂಬಿದ ಚೀಲಗಳು ಗೋಡೆಗೆ ಒರಗಿದ್ದವು. ಒಂದು ಚೀಲ ಹರಿದು ಹಸಿರು ಮಣ್ಣಿನಂಥದ್ದು ನೆಲಕ್ಕೆ ಸುರಿದಿತ್ತು. ಇದು ಅಪಾಯಕಾರಿ ತ್ಯಾಜ್ಯ, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಸಾಗಿಸಿದ ಲೆಕ್ಕವೂ ನಮ್ಮಲ್ಲಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಘಟಕ ನಡೆಸುವ ಅನುಮತಿ) ಅವಧಿ ಮುಗಿದು ಐದು ತಿಂಗಳಾಗಿತ್ತು. ಫೈಲಿನಲ್ಲಿ ಮಾತ್ರ "ಎಲ್ಲಾ ಅನುಮತಿ ಚಾಲ್ತಿಯಲ್ಲಿದೆ" ಅಂತ, ಕೆಳಗೆ ನನ್ನ ಸಹಿ.

ಆರ್ಡರ್ ನಿಂತಿತು. ಆಗ ವಕೀಲರ ಹತ್ತಿರ ಓಡಿದೆ. ಬಿಆರ್‌ಎಸ್‌ಆರ್ ವರದಿ ಕಡ್ಡಾಯ ಇರುವುದು ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳಿಗೆ, ನಮ್ಮಂಥ ಪಾರ್ಟ್‌ನರ್‌ಶಿಪ್ ಘಟಕಕ್ಕೆ ಸೆಬಿ ಯಾವ ಸರ್ಟಿಫಿಕೇಟನ್ನೂ ಕೊಡೋದಿಲ್ಲ ಅಂದರು. ನಮ್ಮನ್ನು ಕಟ್ಟಿಹಾಕುವುದು ಗಿರಾಕಿ ಜೊತೆಗಿನ ಕರಾರು, ಮತ್ತೆ ಹಳೇ ಕಾನೂನುಗಳು: 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಕಾರ್ಮಿಕ ಕಾನೂನು. ಮುಚ್ಚಳಿಕೆಯ ಏಳನೇ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಹೇಳಿಕೆ ಸುಳ್ಳಾದರೆ ಗಿರಾಕಿಗೆ ಆಗುವ ನಷ್ಟವೆಲ್ಲಾ ನಾವೇ ತುಂಬಿಕೊಡಬೇಕು, ಮಿತಿಯೇ ಇಲ್ಲ. ಸಹಿಗೆ ಮುಂಚೆ ಬಂದಿದ್ದರೆ ಇದಕ್ಕೊಂದು ಮಿತಿ ಕೇಳಬಹುದಿತ್ತು, "ನನಗೆ ತಿಳಿದ ಮಟ್ಟಿಗೆ" ಅಂತ ಸೇರಿಸಬಹುದಿತ್ತು ಅಂದರು.

ಯಾರಾದರೂ ಇಎಸ್‌ಜಿ ಕಾನೂನು ಸಲಹೆ ಅಂತ ಬಂದರೆ ವಕೀಲರಾ ಅಂತ ಮೊದಲು ಕೇಳಿ. ಕನ್ಸೆಂಟ್ ಪ್ರತಿ, ಸ್ಲಡ್ಜ್ ಲೆಕ್ಕ ಕೇಳುತ್ತಾರಾ ನೋಡಿ. ನಮ್ಮವನು ಆಫೀಸಿನಲ್ಲಿ ಎರಡು ಸಲ ಕಾಫಿ ಕುಡಿದ, ಶೆಡ್ ಒಳಗೆ ಒಮ್ಮೆಯೂ ಕಾಲಿಡಲಿಲ್ಲ.